ನಾನ್ನಜದ ಮಾಳದಲ್ಲಿ ಹಕ್ಕಿ ಎಣಿಸುವವರು

ಸೋಲಾಪುರದಿಂದ ಬಾರ್ಶಿಯ ದಾರಿ ಹಿಡಿದು ಸುಮಾರು ಇಪ್ಪತ್ತು ಕಿಲೋಮೀಟರ್ ಉತ್ತರಕ್ಕೆ ಸಾಗಿದರೆ ನಾನ್ನಜ ಎಂಬ ಊರು ಬರುತ್ತದೆ. ನಮ್ಮ ದೇಶದ ಅತ್ಯಂತ ಅಪರೂಪದ ಹಕ್ಕಿಯೊಂದಕ್ಕಾಗಿ ಘೋಷಿತವಾದ ಅಭಯಾರಣ್ಯ ಇಲ್ಲಿದೆ. ಅರಣ್ಯವೆಂಬ ಮಾತನ್ನು ನಂಬಿ ಬಂದವರು ಮೊದಲ ನೋಟಕ್ಕೆ ನಿರಾಶರಾಗುವುದು ಸಹಜ. ಇಲ್ಲಿ ದಟ್ಟ ಕಾಡಿಲ್ಲ, ಜಲಪಾತವಿಲ್ಲ, ಬೆಟ್ಟಗಳ ಸಾಲಿಲ್ಲ. ಮೆಲ್ಲನೆ ಏರಿ ಮೆಲ್ಲನೆ ಇಳಿಯುವ ಹುಲ್ಲುನೆಲ, ಅಲ್ಲಲ್ಲಿ ಜಾಲಿ ಮತ್ತು ಬೋರೆಯ ಗಿಡ, ತೆಳುಮಣ್ಣಿನಿಂದ ಮೇಲೆದ್ದ ಕರಿಯ ಕಲ್ಲು, ಅದರಾಚೆಗೆ ಜೋಳದ ಹೊಲ, ಅದರಾಚೆಗೆ ಮತ್ತೆ ಹುಲ್ಲು. ಮರಾಠಿಯಲ್ಲಿ ಇಂಥ ನೆಲವನ್ನು ಮಾಳ ಎನ್ನುತ್ತಾರೆ. ಕನ್ನಡದಲ್ಲಿಯೂ ಅದು ಮಾಳವೇ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರಗಳ ನಮ್ಮ ಮನೆಗಳಲ್ಲಿ ಎರಡು ಭಾಷೆಗಳು ಒಂದೇ ಪದವನ್ನು ಹಂಚಿಕೊಂಡು ಬದುಕುವ ಬಗೆಗೆ ಇದೂ ಒಂದು ಉದಾಹರಣೆ.

ಈ ಮಾಳವನ್ನು ನೋಡಲು ತಕ್ಕ ಕಾಲವೆಂದರೆ ದೀಪಾವಳಿಯ ಆಸುಪಾಸು. ಮಳೆಗಾಲದ ಹುಲ್ಲು ಆಗ ಮೊಣಕಾಲೆತ್ತರ ಬೆಳೆದು ಹೊಂಬಣ್ಣಕ್ಕೆ ತಿರುಗಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಜೇಡರ ಬಲೆಗಳು ಮುತ್ತಿನ ಸರಗಳಂತೆ ತೂಗುತ್ತಿರುತ್ತವೆ. ಹಿಂಗಾರಿ ಜೋಳ ಮೊಳೆತು ಹೊಲದಲ್ಲಿ ಹಸಿರು ಗೆರೆಗಳು ಮೂಡಿರುತ್ತವೆ. ಮಹಾರಾಷ್ಟ್ರ ಸರ್ಕಾರವು 2020ರಿಂದ ನವೆಂಬರ್ 5ರಿಂದ 12ರವರೆಗಿನ ದಿನಗಳನ್ನು ಪಕ್ಷಿ ಸಪ್ತಾಹವಾಗಿ ಆಚರಿಸುತ್ತಿರುವುದು ಈ ಕಾಲದಲ್ಲಿಯೇ. ಆ ಎರಡು ದಿನಾಂಕಗಳ ಆಯ್ಕೆಗೆ ಕಾರಣವಿದೆ. ನವೆಂಬರ್ 5 ಅರಣ್ಯಾಧಿಕಾರಿಯಾಗಿಯೂ ಲೇಖಕರಾಗಿಯೂ ಹೆಸರಾದ ಮಾರುತಿ ಚಿತಂಪಲ್ಲಿಯವರ ಜನ್ಮದಿನ. ನವೆಂಬರ್ 12 ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಜನ್ಮದಿನ. ಚಿತಂಪಲ್ಲಿಯವರು 1932ರಲ್ಲಿ ನಮ್ಮ ಸೋಲಾಪುರದಲ್ಲಿ ಹುಟ್ಟಿದವರು. ಬದುಕಿನ ಬಹುಭಾಗವನ್ನು ವಿದರ್ಭದ ಕಾಡುಗಳಲ್ಲಿ ಕಳೆದು, ಕೊನೆಗೆ ಹುಟ್ಟೂರಿಗೆ ಮರಳಿ, ಪದ್ಮಶ್ರೀ ಗೌರವ ಪಡೆದ 2025ನೆಯ ಇಸವಿಯಲ್ಲಿಯೇ ಇಲ್ಲಿ ತೀರಿಕೊಂಡರು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕೇಳಿಬರುವ ಈ ನೇಕಾರರ ನಗರದಿಂದ ಹೊರಟ ಒಬ್ಬರ ಹೆಸರಿನಲ್ಲಿ ಇಡೀ ರಾಜ್ಯ ಹಕ್ಕಿಗಳನ್ನು ನೆನೆಯುತ್ತದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಮಹಾರಾಷ್ಟ್ರದಲ್ಲಿ ಹಕ್ಕಿ ನೋಡುವವರು ತಮ್ಮನ್ನು ಪಕ್ಷಿಮಿತ್ರರೆಂದು ಕರೆದುಕೊಳ್ಳುತ್ತಾರೆ. 1980ರ ದಶಕದಿಂದ ಅವರ ರಾಜ್ಯ ಸಮ್ಮೇಳನಗಳು ಒಂದೊಂದು ಸಲ ಒಂದೊಂದು ಊರಿನಲ್ಲಿ ನಡೆದುಕೊಂಡು ಬಂದಿವೆ. ಸಾಹಿತ್ಯ ಸಮ್ಮೇಳನದ ಹಾಗೆಯೇ ಅಲ್ಲಿಯೂ ಅಧ್ಯಕ್ಷರ ಭಾಷಣ, ಪುಸ್ತಕ ಮಳಿಗೆ, ಊಟದ ಸಾಲು, ಕೊನೆಗೆ ನಿರ್ಣಯಗಳ ಮಂಡನೆ. ವ್ಯತ್ಯಾಸವೆಂದರೆ ಅವರ ಕಾರ್ಯಕ್ರಮ ಸೂರ್ಯೋದಯಕ್ಕೂ ಮುಂಚೆ ಬಯಲಿನಲ್ಲಿ ಮೊದಲಾಗುತ್ತದೆ. ಸಣ್ಣ ಕೂಟಗಳು ಇನ್ನೂ ಹೆಚ್ಚು. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ, ಫೆಬ್ರವರಿಯಲ್ಲಿ ಮನೆಯಂಗಳದ ಹಕ್ಕಿಗಳ ಎಣಿಕೆ, ವೈಶಾಖದ ಬುದ್ಧ ಪೂರ್ಣಿಮೆಯ ಬೆಳದಿಂಗಳಿನಲ್ಲಿ ನೀರುಗುಂಡಿಗಳ ಬಳಿ ಕುಳಿತು ಪ್ರಾಣಿಗಳನ್ನು ಎಣಿಸುವ ರಾತ್ರಿ, ನವೆಂಬರಿನಲ್ಲಿ ಸಪ್ತಾಹ. ಹೀಗೆ ವರುಷದ ಪಂಚಾಂಗವೊಂದು ಹಕ್ಕಿಗಳ ಲೆಕ್ಕದಲ್ಲಿ ಸಿದ್ಧವಾಗಿದೆ.

ಅಂಥ ಒಂದು ಸಪ್ತಾಹದ ನಡಿಗೆಯಲ್ಲಿ ಈ ಲೇಖಕನೂ ಇದ್ದನು. ನಲವತ್ತರಷ್ಟು ಜನ. ಕಾಲೇಜಿನ ಹುಡುಗ ಹುಡುಗಿಯರು, ನಿವೃತ್ತ ಬ್ಯಾಂಕ್ ನೌಕರರು, ಒಬ್ಬ ದಂತವೈದ್ಯರು, ಪುಣೆಯಿಂದ ಬಂದ ಛಾಯಾಗ್ರಾಹಕರು, ಶಾಲೆಯೊಂದರ ಹನ್ನೆರಡು ಮಕ್ಕಳು ಮತ್ತು ಅವರ ಶಿಕ್ಷಕಿ. ಅರಣ್ಯ ಇಲಾಖೆಯ ಕಾವಲುಗಾರರು ಮೊದಲಿಗೆ ನಿಯಮಗಳನ್ನು ಹೇಳಿದರು. ಸಾಲಾಗಿ ನಡೆಯಬೇಕು, ಕೆಂಪು ಬಿಳಿ ಬಟ್ಟೆ ಬೇಡ, ಹಕ್ಕಿಯ ಹಿಂದೆ ಓಡಬಾರದು, ಗೂಡು ಕಂಡರೆ ಕಾವಲುಗಾರರಿಗೆ ಮಾತ್ರ ತಿಳಿಸಬೇಕು, ಚಿತ್ರ ತೆಗೆದು ಜಾಗದ ಗುರುತಿನೊಡನೆ ಊರೆಲ್ಲ ಹಂಚಬಾರದು. ಮಕ್ಕಳು ಈ ನಿಯಮಗಳನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸಿದರು.

ಮೊದಲ ಗಂಟೆಯಲ್ಲಿಯೇ ಪಟ್ಟಿ ಬೆಳೆಯಿತು. ಗಾಳಿಯಲ್ಲಿ ನೆಟ್ಟಗೆ ಮೇಲೇರಿ ಹಾಡುತ್ತ ಕೆಳಗಿಳಿಯುವ ನೆಲಗುಬ್ಬಿಗಳು, ತಂತಿಯ ಮೇಲೆ ಕುಳಿತ ನೀಲಕಂಠ, ಮುಳ್ಳಿಗೆ ಮಿಡತೆಯನ್ನು ಚುಚ್ಚಿಟ್ಟು ಕಾಯುವ ಕೀಚುಗ, ಒಂದೇ ಕಡೆ ರೆಕ್ಕೆ ಬಡಿಯುತ್ತ ತೇಲುವ ಚಾಣ, ನಮ್ಮನ್ನು ಕಂಡೊಡನೆ ಮಾಳಕ್ಕೆಲ್ಲ ಸುದ್ದಿ ಸಾರಿದ ಟಿಟ್ಟಿಭ. ಹುಲ್ಲಿನ ಮೇಲೆ ತಗ್ಗಿ ತೇಲಿ ಬಂದ ಸೆಳೆವವನ್ನು ತೋರಿಸಿ, ಇದು ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹಾರಿ ಬಂದ ಅತಿಥಿ, ಹಗಲೆಲ್ಲ ಮಿಡತೆ ತಿಂದು ಸಂಜೆ ಹತ್ತಾರು ಸೆಳೆವಗಳು ಒಟ್ಟಾಗಿ ಹುಲ್ಲಿನೊಳಗೆ ನೆಲದ ಮೇಲೆಯೇ ಮಲಗುತ್ತವೆ ಎಂದು ಹಿರಿಯರೊಬ್ಬರು ವಿವರಿಸಿದರು. ದೂರದ ದಿಬ್ಬದ ಮೇಲೆ ಕೃಷ್ಣಮೃಗಗಳ ಹಿಂಡು. ಅದನ್ನು ಎಣಿಸಲು ಹೊರಟ ಮಕ್ಕಳು ಐವತ್ತು ದಾಟಿದ ಮೇಲೆ ಲೆಕ್ಕ ತಪ್ಪಿ ನಕ್ಕರು.

ಎರಡು ಗಂಟೆಯ ನಡಿಗೆ ಮುಗಿದಾಗ ಪಟ್ಟಿಯಲ್ಲಿ ನಲವತ್ತಕ್ಕೂ ಮಿಕ್ಕಿ ಹೆಸರುಗಳಿದ್ದವು. ಆದರೆ ಯಾವ ಹಕ್ಕಿಯ ಹೆಸರಿನಲ್ಲಿ ಈ ಅಭಯಾರಣ್ಯವಿದೆಯೋ ಅದರ ಮುಂದಿನ ಜಾಗ ಖಾಲಿಯಾಗಿತ್ತು.

ಆ ಹಕ್ಕಿಯನ್ನು ಮರಾಠಿಯಲ್ಲಿ ಮಾಳಢೋಕ ಎನ್ನುತ್ತಾರೆ. ಕನ್ನಡದಲ್ಲಿ ಹೆಬ್ಬಕ, ಬಳ್ಳಾರಿಯ ಕಡೆ ಎರೆಭೂತ, ಕೆಲವು ಪುಸ್ತಕಗಳಲ್ಲಿ ದೊರವಾಯನ ಹಕ್ಕಿ. ಎರೆ ಎಂದರೆ ಕಪ್ಪು ಮಣ್ಣಿನ ನೆಲವೆಂದು ನಮ್ಮ ರೈತಮಕ್ಕಳಿಗೆ ಹೇಳಬೇಕಾಗಿಲ್ಲ. ಆ ನೆಲದಲ್ಲಿ ಹುಲ್ಲಿನ ನಡುವೆ ಥಟ್ಟನೆ ಮನುಷ್ಯನಂತೆ ತಲೆಯೆತ್ತಿ ನಿಲ್ಲುವ ಹಕ್ಕಿಯನ್ನು ಭೂತವೆಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಗಂಡು ಹಕ್ಕಿ ಸುಮಾರು ಒಂದು ಮೀಟರ್ ಎತ್ತರ. ತೂಕ 15 ಕಿಲೋಗ್ರಾಂವರೆಗೂ ಉಂಟು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರವಾದವು ಜಗತ್ತಿನಲ್ಲಿಯೇ ಕೆಲವು ಮಾತ್ರ. ಮಳೆಗಾಲ ಬಂದಾಗ ಗಂಡು ಹಕ್ಕಿ ಕೊರಳ ಚೀಲವನ್ನು ಉಬ್ಬಿಸಿ, ಬಾಲವನ್ನು ಬೆನ್ನಿನ ಮೇಲೆ ಬಿಚ್ಚಿ, ಬಹುದೂರ ಕೇಳಿಸುವ ಗಂಭೀರವಾದ ಹೂಂಕಾರ ಹೊರಡಿಸುತ್ತದೆ. ಮರಾಠಿಯಲ್ಲಿ ಇದಕ್ಕೆ ಹೂಮ್ ಎಂಬ ಇನ್ನೊಂದು ಹೆಸರು ಇರುವುದು ಈ ದನಿಯಿಂದಲೇ. ಹೆಣ್ಣು ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಸುಮಾರು ನಾಲ್ಕು ವಾರ ಒಂಟಿಯಾಗಿ ಕಾವು ಕೊಡುತ್ತದೆ. ಆ ಒಂದು ಮೊಟ್ಟೆ ನಾಯಿಯ ಬಾಯಿಗೆ ಬಿದ್ದರೆ, ಕಾಗೆಯ ಕಣ್ಣಿಗೆ ಬಿದ್ದರೆ, ದನದ ಗೊರಸಿಗೆ ಸಿಕ್ಕರೆ ಆ ವರುಷದ ಸಂತಾನ ಬಹುತೇಕ ಮುಗಿದಂತೆ. ನಿಧಾನವಾಗಿ ಬೆಳೆಯುವ, ಬಯಲನ್ನು ನಂಬಿ ಬದುಕುವ ಇಂಥ ಹಕ್ಕಿ ಅವಸರದ ಬದಲಾವಣೆಗಳನ್ನು ತಾಳಲಾರದು.

1969ರಲ್ಲಿ ಧರ್ಮಕುಮಾರಸಿಂಹಜಿಯವರು ದೇಶದಲ್ಲಿ ಸುಮಾರು 1,260 ಹೆಬ್ಬಕಗಳಿರಬಹುದೆಂದು ಅಂದಾಜು ಮಾಡಿದ್ದರು. ಇಂದು ಬಯಲಿನಲ್ಲಿ ಉಳಿದಿರುವವು 150ಕ್ಕೂ ಕಡಿಮೆ ಎಂಬುದು ತಜ್ಞರ ಲೆಕ್ಕ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರಿನ ಮರುಭೂಮಿಯಲ್ಲಿವೆ. ನಾನ್ನಜದಲ್ಲಿ ಇತ್ತೀಚಿನ ವರ್ಷಗಳ ಗಣತಿಗೆ ಒಂದೆರಡು ಸಿಕ್ಕರೆ ಅದೇ ಸುದ್ದಿ. ಒಂದೂ ಕಾಣದ ವರ್ಷಗಳೂ ಉಂಟು. ಇಷ್ಟು ದೊಡ್ಡ ರಕ್ಷಣೆಯ ನಡುವೆಯೂ ಹಕ್ಕಿ ಏಕೆ ಹೋಯಿತು ಎಂಬ ಪ್ರಶ್ನೆಯನ್ನು ಈ ಮಾಳ ತನ್ನ ಸಂದರ್ಶಕರೆಲ್ಲರ ಮುಂದೆ ಇಡುತ್ತದೆ. ಉತ್ತರಕ್ಕಾಗಿ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1972ರ ಬರವನ್ನು ಸೋಲಾಪುರ ಸೀಮೆಯ ಹಿರಿಯರು ಇಂದಿಗೂ ಮರೆತಿಲ್ಲ. ಕಲ್ಲು ಒಡೆಯುವ ಪರಿಹಾರ ಕಾಮಗಾರಿ, ಮೇವಿಲ್ಲದೆ ಹೋದ ದನಗಳು, ಊರು ಬಿಟ್ಟ ಕುಟುಂಬಗಳ ಕಥೆ ಪ್ರತಿ ಮನೆಯಲ್ಲಿಯೂ ಇದೆ. ಆ ಬಳಿಕ ಬಂದ ಬರಪೀಡಿತ ಪ್ರದೇಶಗಳ ಅಭಿವೃದ್ಧಿ ಯೋಜನೆಯಡಿ ನಾನ್ನಜದ ಸುತ್ತ ಕೆಲವು ಮಾಳಗಳಿಗೆ ಬೇಲಿ ಹಾಕಿ, ಮೇಯಿಸುವುದನ್ನು ನಿಲ್ಲಿಸಿ, ಮಣ್ಣು ನೀರು ಉಳಿಸುವ ಕೆಲಸ ನಡೆಯಿತು. ಹುಲ್ಲು ಬೆಳೆಯಲೆಂದು ಮಾಡಿದ ಈ ಏರ್ಪಾಡು ಹಕ್ಕಿಗೂ ಒದಗಿತು. ಕಾಲ್ತುಳಿತವಿಲ್ಲದ ಆ ಹುಲ್ಲಿನಲ್ಲಿ ಹೆಬ್ಬಕಗಳು ಮೊಟ್ಟೆಯಿಟ್ಟವು. ಸುತ್ತಲಿನ ಜೋಳ, ಕುಸುಬೆ, ಕಡಲೆಯ ಹೊಲಗಳಲ್ಲಿ ಹುಳು ಹೆಕ್ಕಿ ತಿಂದವು. ಸೋಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು ಆ ದಶಕದಲ್ಲಿ ಇವುಗಳನ್ನು ಬೆನ್ನುಹತ್ತಿ ಗಮನಿಸಿ, ಸರ್ಕಾರಕ್ಕೂ ವಿಜ್ಞಾನಿಗಳಿಗೂ ಸುದ್ದಿ ಮುಟ್ಟಿಸಿದರು. ಮುಂದೆ 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿಯವರು ಹೆಬ್ಬಕದ ಅಧ್ಯಯನ ನಡೆಸಿದ ತಾಣಗಳಲ್ಲಿ ನಾನ್ನಜವೂ ಒಂದು. ಒಬ್ಬ ಊರಿನ ಮನುಷ್ಯನ ಪಟ್ಟುಬಿಡದ ನೋಟದಿಂದ ಮೊದಲಾದ ಕೆಲಸವಿದು.

1979ರಲ್ಲಿ ಅಭಯಾರಣ್ಯದ ಘೋಷಣೆಯಾಯಿತು. ಅದರ ವಿಸ್ತೀರ್ಣ 8,496 ಚದರ ಕಿಲೋಮೀಟರ್. ಈ ಅಂಕಿಯ ಅರ್ಥ ತಿಳಿಯಬೇಕಾದರೆ ಗೋವೆಯನ್ನು ನೆನೆಯಿರಿ: ಇಡೀ ಗೋವಾ ರಾಜ್ಯದ ವಿಸ್ತೀರ್ಣ 3,702 ಚದರ ಕಿಲೋಮೀಟರ್. ಎಂದರೆ ಎರಡು ಗೋವೆಗಳನ್ನು ಇಟ್ಟರೂ ಜಾಗ ಮಿಗುವಷ್ಟು ನೆಲ. ಸೋಲಾಪುರ ಜಿಲ್ಲೆಯ ಉತ್ತರ ಸೋಲಾಪುರ, ಮೋಹೋಳ, ಮಾಢಾ, ಕರಮಾಳಾ, ನೆರೆಯ ಅಹ್ಮದನಗರ ಜಿಲ್ಲೆಯ ಕರ್ಜತ, ಶ್ರೀಗೊಂದಾ ಮೊದಲಾದ ತಾಲೂಕುಗಳ ಹೊಲ, ಊರು, ಪೇಟೆ, ಹೆದ್ದಾರಿಗಳೆಲ್ಲ ಅದರೊಳಗೆ ಬಂದವು. ಹಕ್ಕಿ ನಿಜವಾಗಿ ಬಳಸುತ್ತಿದ್ದ ಹುಲ್ಲುನೆಲವೋ ಅದರ ಒಂದು ಸಣ್ಣ ಪಾಲು, ಅದೂ ಚೂರುಚೂರಾಗಿ ಹರಡಿತ್ತು. ಆ ಚೂರುಗಳನ್ನು ಒಂದೊಂದಾಗಿ ಅಳೆದು ಗುರುತಿಸುವ ಬದಲು ನಕಾಶೆಯ ಮೇಲೆ ಒಂದು ದೊಡ್ಡ ಗೆರೆ ಎಳೆಯಲಾಯಿತು.

ಗೆರೆಯೊಳಗೆ ಬಂದವರ ಪಾಡು ಏನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಅಭಯಾರಣ್ಯವೆಂದು ಪ್ರಕಟಿಸಿದ ನೆಲದಲ್ಲಿ ಉತ್ತರಾಧಿಕಾರದಿಂದ ಬರುವುದನ್ನು ಬಿಟ್ಟು ಹೊಸ ಹಕ್ಕು ಹುಟ್ಟುವಂತಿಲ್ಲ. ತಂದೆಯಿಂದ ಮಗನಿಗೆ ಹೊಲ ಬರಬಹುದು. ಆದರೆ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಎರಡು ಎಕರೆ ಮಾರಬೇಕೆಂದರೆ ತೊಡಕು. ರಸ್ತೆ, ಕಾಲುವೆ, ಕಾರ್ಖಾನೆ ಯಾವುದಕ್ಕಾದರೂ ದೂರದ ಮಂಡಳಿಗಳ ಒಪ್ಪಿಗೆ ಬೇಕು. ಕಚೇರಿಯಿಂದ ಕಚೇರಿಗೆ ಅಲೆದ ರೈತನಿಗೆ ಪ್ರತಿ ಸಲವೂ ಸಿಕ್ಕ ಉತ್ತರ ಒಂದೇ: ಮಾಳಢೋಕ. ತನ್ನ ಹೊಲದಲ್ಲಿ ಎಂದೂ ಕಾಣದ ಹಕ್ಕಿಯ ಹೆಸರಿನಲ್ಲಿ ತನ್ನ ಕಾಗದ ನಿಂತಿತೆಂದರೆ ಆ ಹಕ್ಕಿಯ ಮೇಲೆ ಅವನಿಗೆ ಪ್ರೀತಿ ಎಲ್ಲಿಂದ ಬರಬೇಕು? ಹಕ್ಕಿ ಯಾರಿಗೂ ಕೇಡು ಮಾಡಿರಲಿಲ್ಲ. ಮಿಡತೆ, ಜೀರುಂಡೆ ತಿಂದು ಬೆಳೆಗೆ ಉಪಕಾರವನ್ನೇ ಮಾಡಿತ್ತು. ಆದರೂ ಊರ ಬಾಯಲ್ಲಿ ಅದರ ಹೆಸರು ಬೈಗುಳವಾಯಿತು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ನೋವು ಅಪರಿಚಿತವಲ್ಲ. 1956ರಲ್ಲಿ ರಾಜ್ಯಗಳ ಗೆರೆಗಳನ್ನು ಎಳೆದಾಗ, ಆ ಗೆರೆಯ ಯಾವ ಬದಿಯಲ್ಲಿ ನಮ್ಮ ಹೊಲ, ನಮ್ಮ ಶಾಲೆ, ನಮ್ಮ ಬೀಗರ ಮನೆ ಉಳಿಯುತ್ತದೆಂದು ನಿರ್ಧರಿಸಿದವರು ನಾವಲ್ಲ. ದೂರದಲ್ಲಿ ಎಳೆದ ಗೆರೆಯೊಡನೆ ದಿನದಿನವೂ ಹೊಂದಿಕೊಂಡು ಬದುಕುವುದು ಹೇಗೆಂದು ನಮ್ಮ ಶಾಲೆಗಳ ಮಕ್ಕಳಿಗೆ ಪಾಠಪುಸ್ತಕ ತಡವಾಗಿ ಬಂದ ಪ್ರತಿ ಜೂನ್ ತಿಂಗಳೂ ಕಲಿಸುತ್ತದೆ. ಆದ್ದರಿಂದ ನಾನ್ನಜದ ರೈತನ ಸಿಟ್ಟನ್ನು ಪರಿಸರದ್ರೋಹವೆಂದು ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪಬಾರದು. ಹಾಗೆಂದು ಹಕ್ಕಿ ಹೋದರೆ ಹೋಗಲಿ ಎನ್ನಲೂ ಆಗದು. ಎರಡನ್ನೂ ಒಟ್ಟಿಗೆ ನೋಡುವುದೇ ಇಲ್ಲಿಯ ನಿಜವಾದ ಕೆಲಸ.

ಜನರ ಒತ್ತಡ ಹೆಚ್ಚಿ, ಸಮಿತಿಗಳು ಕುಳಿತು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2012ರ ಹೊತ್ತಿಗೆ ಅಭಯಾರಣ್ಯವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಮೂರು ದಶಕಗಳ ಜಗಳ ಹೀಗೆ ಬಗೆಹರಿಯಿತು. ಆದರೆ ಅಷ್ಟರಲ್ಲಿ ಮಾಳವೇ ಬದಲಾಗಿತ್ತು. 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನಿಂದ ಭೀಮೆಯ ನೀರು ಕಾಲುವೆಗಳಲ್ಲಿ ಹರಿದು ಜಿಲ್ಲೆಯ ಬೆಳೆಯ ಸ್ವರೂಪವನ್ನೇ ಬದಲಿಸಿತು. ಜೋಳ, ಕುಸುಬೆಗಳಿದ್ದಲ್ಲಿ ಕಬ್ಬು ಬಂತು, ದ್ರಾಕ್ಷಿ ಬಂತು, ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಎದ್ದವು. ಆಳೆತ್ತರದ ಕಬ್ಬಿನೊಳಗೆ ಹೆಬ್ಬಕ ನಡೆಯಲಾರದು. ದೂರದವರೆಗೆ ಕಣ್ಣು ಹಾಯದ ಕಡೆ ಅದು ನಿಲ್ಲದು. ಕೊಳವೆಬಾವಿ ತೋಡಿದಲ್ಲೆಲ್ಲ ವಿದ್ಯುತ್ ತಂತಿ ಬಂತು. ಈ ಹಕ್ಕಿಗೆ ಎದುರಿನ ನೋಟ ಕಿರಿದು. ಭಾರವಾದ ಮೈಯನ್ನು ಹಾರುವಾಗ ಥಟ್ಟನೆ ತಿರುಗಿಸಲೂ ಆಗದು. ತಂತಿ ಕಂಡಾಗ ಹೊತ್ತು ಮೀರಿರುತ್ತದೆ. ಹೀಗೆ ಕಾಯಿದೆ ಹೊಲದ ಮಾರಾಟವನ್ನು ತಡೆಯಿತು; ಹೊಲದಲ್ಲಿ ಏನು ಬೆಳೆಯಬೇಕೆಂಬುದನ್ನು ಮಾರುಕಟ್ಟೆ ನಿರ್ಧರಿಸಿತು. ಇವೆರಡರ ನಡುವೆ ಹಕ್ಕಿಗೆ ಬೇಕಾದ ಹುಲ್ಲು ಮತ್ತು ಜೋಳದ ಜೋಡಿ ತಪ್ಪಿಹೋಯಿತು. ರೈತನಿಗೆ ಹಳೆಯ ಬೆಳೆಯನ್ನೇ ಉಳಿಸಿಕೊಳ್ಳಲು ಬೆಲೆಯ ಭರವಸೆಯೊಂದನ್ನು ಯಾರಾದರೂ ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ನಡಿಗೆಯ ಬಳಿಕ ಬೇವಿನ ಮರದಡಿ ಅವಲಕ್ಕಿ, ಚಹಾ ಆದವು. ಛಾಯಾಗ್ರಾಹಕರು ಒಬ್ಬರಿಗೊಬ್ಬರು ಚಿತ್ರ ತೋರಿಸುತ್ತಿದ್ದರು. ಆಗ ಕುರಿಮಂದೆಯೊಡನೆ ಹಾದುಹೋಗುತ್ತಿದ್ದ ಮುದುಕರೊಬ್ಬರು ನಿಂತು ನಮ್ಮ ಕನ್ನಡವನ್ನು ಕೇಳಿ ಹತ್ತಿರ ಬಂದರು. ಅವರ ಹಿರಿಯರು ಅಕ್ಕಲಕೋಟೆಯ ಕಡೆಯಿಂದ ಬಂದು ಇಲ್ಲಿ ನಿಂತವರು. ಶಿಕ್ಷಕಿ ಅವರಿಗೆ ಚಹಾ ಕೊಟ್ಟು, "ಅಜ್ಜಾ, ನೀವು ಹೆಬ್ಬಕ ನೋಡೀರೇನು?" ಎಂದು ಕೇಳಿದರು.

"ನೋಡದೇ ಏನವ್ವಾ? ಸಣ್ಣವ ಇದ್ದಾಗ ಕುರಿ ಜೋಡಿನ ಅಡ್ಡಾಡತಿದ್ದವು. ಕುರಿ ಹೋದಲ್ಲಿ ಮಿಡಚಿ ಏಳತಾವು, ಅದನ್ನ ತಿನ್ನಾಕ ಹಿಂದಿಂದ ಬರತಿದ್ದವು. ಈಗ ಕುರಿಗೇ ಜಾಗಾ ಇಲ್ಲ, ಹಕ್ಕಿಗೆಲ್ಲಿ ಬರಬೇಕು?" ಎಂದರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ನೀವು ವರ್ಷಾ ಬಂದು ಹಕ್ಕಿ ಎಣಸ್ತೀರಿ, ಚಿಗರಿ ಎಣಸ್ತೀರಿ. ಚಿಗರಿ ತಿಂದ ಜ್ವಾಳಾ ಯಾರು ಎಣಸ್ತಾರ್ರೀ?"

ಮಕ್ಕಳು ಐವತ್ತು ಎಣಿಸಿ ನಕ್ಕ ಅದೇ ಕೃಷ್ಣಮೃಗದ ಹಿಂಡು ಅವರಿಗೆ ಮೊಳಕೆಯ ಜೋಳವನ್ನು ರಾತ್ರೋರಾತ್ರಿ ಮೇಯುವ ಹಿಂಡು. ರಕ್ಷಣೆಯ ಫಲ ಇಲ್ಲಿ ಕೃಷ್ಣಮೃಗಕ್ಕೆ ಸಿಕ್ಕಿತು, ಹೆಬ್ಬಕಕ್ಕೆ ಸಿಗಲಿಲ್ಲ. ಬೆಳೆಹಾನಿಗೆ ಪರಿಹಾರದ ನಿಯಮಗಳಿವೆ. ಆದರೆ ಅರ್ಜಿ, ಪಂಚನಾಮೆ, ಫೋಟೋ, ಓಡಾಟಗಳ ಬಳಿಕ ಕೈಗೆ ಬರುವುದೆಷ್ಟು ಎಂಬುದು ಹಳ್ಳಿಯವರಿಗೆ ಗೊತ್ತು. ಅಜ್ಜನ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಯಾರೂ ಕೂಡಲೇ ಉತ್ತರಿಸಲಿಲ್ಲ. ಶಾಲೆಯ ಹುಡುಗಿಯೊಬ್ಬಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು.

ನಾನ್ನಜದಲ್ಲಿ ಗೆರೆ ತೀರ ದೊಡ್ಡದಾಯಿತು, ಚಿಕ್ಕದಾಗಿದ್ದರೆ ಸರಿಹೋಗುತ್ತಿತ್ತೆ? ಅದಕ್ಕೆ ಆಂಧ್ರದ ಕರ್ನೂಲು ಸೀಮೆಯ ರೋಳ್ಳಪಾಡು ಉತ್ತರ ಹೇಳುತ್ತದೆ. 1988ರಲ್ಲಿ ಅಲ್ಲಿ ಹೆಬ್ಬಕಕ್ಕಾಗಿ ಘೋಷಿಸಿದ ಅಭಯಾರಣ್ಯದ ವಿಸ್ತೀರ್ಣ ಕೇವಲ 6.14 ಚದರ ಕಿಲೋಮೀಟರ್. ಬೇಲಿಯೊಳಗೆ ಹುಲ್ಲು ಬೆಳೆಯಿತು, ಮೊದಲಿಗೆ ಹಕ್ಕಿಗಳೂ ಚೆನ್ನಾಗಿ ಕಂಡವು. ಆದರೆ ಹೆಬ್ಬಕ ಬೇಲಿಯೊಳಗಿನ ಕೋಳಿಯಲ್ಲ. ಮೇವಿಗಾಗಿ ಸುತ್ತಲಿನ ಹೊಲಗಳಿಗೆ ಹೋಗಲೇಬೇಕು. ಆ ಹೊಲಗಳ ಬೆಳೆ ಬದಲಾಯಿತು, ಕೃಷ್ಣಮೃಗಗಳು ಹೆಚ್ಚಿ ಊರವರ ಮುನಿಸೂ ಹೆಚ್ಚಿತು, ಹಕ್ಕಿ ಕಡಿಮೆಯಾಯಿತು. ಕರ್ನಾಟಕದ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. ಅಲ್ಲಿಯೂ ಹಿಂದೆ ಹೆಬ್ಬಕಗಳಿದ್ದವು. ಆದರೆ ಬಯಲನ್ನು ಬಂಜರೆಂದು ಎಣಿಸಿ ಅದರ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಮರ ನೆಡುವುದು ಪುಣ್ಯವೆಂದು ನಮ್ಮ ಶಾಲೆಗಳಲ್ಲಿ ಕಲಿಸುತ್ತೇವೆ. ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ಹುಲ್ಲಿನ ಹಕ್ಕಿಯ ಮನೆ ಕಿತ್ತಂತೆ ಎಂಬುದನ್ನೂ ಕಲಿಸಬೇಕಾಗಿದೆ. ಕಂದಾಯದ ದಾಖಲೆಗಳಲ್ಲಿ ಪಾಳು ಎಂದು ಬರೆದ ನೆಲ ಕುರಿಗಾರನಿಗೂ, ತೋಳಕ್ಕೂ, ನೆಲಗುಬ್ಬಿಗೂ ಪಾಳಲ್ಲ.

ಆದವಾನಿ, ರಾಯದುರ್ಗಗಳ ಓದುಗರಿಗೆ ಹತ್ತಿರದ ಸುದ್ದಿಯೊಂದಿದೆ. ಗಡಿಗೆ ಅಂಟಿಕೊಂಡಿರುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಇತ್ತೀಚಿನ ವರ್ಷಗಳಲ್ಲಿಯೂ ಬೆರಳೆಣಿಕೆಯ ಹೆಬ್ಬಕಗಳು ಕಂಡಿವೆ. ಮಳೆಯಾಶ್ರಿತ ಜೋಳ, ಕಡಲೆ, ಹತ್ತಿಯ ನಡುವೆ ಅವು ಹೇಗೋ ಉಳಿದುಕೊಂಡಿವೆ. ಹಕ್ಕಿಗೆ ರಾಜ್ಯಗಳ ಗಡಿ ತಿಳಿಯದು. ಈಚೆಯ ಹೊಲದಲ್ಲಿ ಮೇದು ಆಚೆಯ ಹೊಲದಲ್ಲಿ ಇರುಳು ಕಳೆಯಬಹುದು. ಅಲ್ಲಿ ಮುಂದೆ ಏನಾಗುತ್ತದೆಂಬುದು ಹೊಲದ ಒಡೆಯರನ್ನು ಮೊದಲು ಕೇಳುವರೋ ಕೊನೆಗೆ ಕೇಳುವರೋ ಎಂಬುದರ ಮೇಲೆ ನಿಂತಿದೆ.

ಈ ವಾದದ ದೊಡ್ಡ ರೂಪ ಈಗ ರಾಜಸ್ಥಾನದಲ್ಲಿ ನಡೆದಿದೆ. ಅಲ್ಲಿಯ ಬಯಲಿನಲ್ಲಿ ಸೌರಶಕ್ತಿಯ ಘಟಕಗಳೂ ಅವುಗಳ ತಂತಿಗಳೂ ಹಬ್ಬುತ್ತಿವೆ. 1972ರ ಕಾಯಿದೆಯ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಎಂ. ಕೆ. ರಂಜಿತ್‌ಸಿಂಹರು ಹೆಬ್ಬಕದ ಪರವಾಗಿ 2019ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2021ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು ಆದೇಶಿಸಿತು. ಆ ಆದೇಶ ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶಕ್ಕೆ ಅನ್ವಯಿಸುತ್ತಿತ್ತು. ಅಷ್ಟು ಕಡೆ ಇದು ಆಗದ ಮಾತೆಂದು ಸರ್ಕಾರ ವಾದಿಸಿತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ತನ್ನ ಆದೇಶವನ್ನು ಮಾರ್ಪಡಿಸಿ ಎಲ್ಲಿ ಏನು ಮಾಡಬೇಕೆಂಬುದನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಸೂರ್ಯನ ವಿದ್ಯುತ್ತೂ ಭೂಮಿಯ ಒಳಿತಿಗಾಗಿಯೇ, ಹಕ್ಕಿಯ ರಕ್ಷಣೆಯೂ ಭೂಮಿಯ ಒಳಿತಿಗಾಗಿಯೇ. ಎರಡು ಒಳಿತುಗಳು ಎದುರುಬದುರಾದಾಗ ತೀರ್ಪು ಸುಲಭವಲ್ಲ. ನಾನ್ನಜವನ್ನು ಕಂಡವರಿಗೆ ಮಾತ್ರ ಈ ಕಥೆಯ ಧಾಟಿ ಪರಿಚಿತವೆನಿಸುತ್ತದೆ: ಮೊದಲು ಬಹಳ ದೊಡ್ಡ ಗೆರೆ, ಬಳಿಕ ಜಗಳ, ಬಳಿಕ ಚಿಕ್ಕದಾಗುವ ಗೆರೆ, ಈ ನಡುವೆ ಹಕ್ಕಿಯ ಪಾಲಿಗೆ ಕಳೆದುಹೋದ ವರ್ಷಗಳು. 2019ರಿಂದ ರಾಜಸ್ಥಾನದಲ್ಲಿ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ ಸಾಕುವ ಕೇಂದ್ರ ನಡೆದಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೊಂದು ಹುಟ್ಟಿತು. ವಿಜ್ಞಾನ ಮರಿಯನ್ನು ಕೊಡಬಲ್ಲದು. ಆ ಮರಿಗಳನ್ನು ಒಂದು ದಿನ ಬಿಡಬೇಕಾದ ಬಯಲನ್ನು ಕೊಡಬೇಕಾದವರು ಬಯಲಿನ ಜನ.

ಹಕ್ಕಿ ನೋಡುವವರ ಕೂಟಗಳಿಗೆ ಇಲ್ಲಿ ದೊಡ್ಡ ಹೊಣೆಯಿದೆ. ಅವರು ವರ್ಷದಿಂದ ವರ್ಷಕ್ಕೆ ಬರೆದಿಟ್ಟ ಪಟ್ಟಿಗಳಿಂದಲೇ ಹಕ್ಕಿಯ ಇಳಿಮುಖ ತಿಳಿದುಬರುತ್ತದೆ. ಆ ಪಟ್ಟಿಗಳಿಲ್ಲದಿದ್ದರೆ ನ್ಯಾಯಾಲಯದ ಮುಂದೆ ಇಡಲು ಸಾಕ್ಷ್ಯವೇ ಇರುತ್ತಿರಲಿಲ್ಲ. ಆದರೆ ಪೇಟೆಯಿಂದ ಬಂದು, ಪಟ್ಟಿ ಬರೆದು, ಮಧ್ಯಾಹ್ನದೊಳಗೆ ಮರಳುವ ಕೂಟ ಊರವರ ಕಣ್ಣಿಗೆ ಗೆರೆ ಎಳೆದವರ ಕಡೆಯ ಕೂಟವಾಗಿಯೇ ಕಾಣುತ್ತದೆ. ಸಮ್ಮೇಳನದ ವೇದಿಕೆಯಲ್ಲಿ ಕುರಿಗಾರನಿಗೂ ಒಂದು ಕುರ್ಚಿ ಇರಬೇಕು. ನಿರ್ಣಯಗಳಲ್ಲಿ ಬೆಳೆಹಾನಿಯ ಪರಿಹಾರ ಬೇಗ ಸಿಗಲಿ ಎಂಬುದೂ ಒಂದು ನಿರ್ಣಯವಾಗಬೇಕು. ಹುಲ್ಲು ಉಳಿದರೆ ಕುರಿಗೂ ಮೇವು, ಸೆಳೆವಕ್ಕೂ ಬಿಡಾರ. ಈ ಒಂದು ಮಾತಿನಲ್ಲಿ ಅಜ್ಜನಿಗೂ ಪಕ್ಷಿಮಿತ್ರರಿಗೂ ಜಗಳವಿಲ್ಲ. ಅಲ್ಲಿಂದಲೇ ಮಾತು ಮೊದಲಾಗಬಹುದು.

ನಮ್ಮ ಶಾಲೆಗಳು ಇದರಲ್ಲಿ ಮಾಡಬಹುದಾದದ್ದು ಸಣ್ಣದೇನಲ್ಲ. ಪಟ್ಟಿ ಬರೆಯಲು ನಾನ್ನಜಕ್ಕೇ ಹೋಗಬೇಕಾಗಿಲ್ಲ. ಸೋಲಾಪುರದ ಮಕ್ಕಳಿಗೆ ಸಿದ್ಧೇಶ್ವರ ಕೆರೆ ನಡೆದು ಹೋಗುವಷ್ಟು ಹತ್ತಿರ. ವಚನಕಾರರಾದ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೂ ಪೂಜೆಯೆಂದೇ ತಿಳಿದವರು. ಸೊನ್ನಲಿಗೆಯ ಆ ಕೆರೆಗೆ ಇಂದಿಗೂ ಹಕ್ಕಿಗಳು ಬರುತ್ತವೆ. ಜನವರಿಯಲ್ಲಿ ಗಡ್ಡೆಯ ಜಾತ್ರೆಯ ತಿಂಗಳಿನಲ್ಲಿಯೇ ನೀರುಹಕ್ಕಿಗಳ ಗಣತಿಯೂ ಬರುತ್ತದೆ. ತುಳಜಾಪುರದ ದಾರಿಯ ಹಿಪ್ಪರಗಾ ಕೆರೆ, ಊರೂರಿನ ಗೋಮಾಳ, ಶಾಲೆಯ ಹಿಂದಿನ ಹೊಲ ಯಾವುದಾದರೂ ಆದೀತು. ಪುಸ್ತಕದಲ್ಲಿ ಎರಡು ಪುಟಗಳಿರಲಿ: ಒಂದರಲ್ಲಿ ಕಂಡ ಹಕ್ಕಿಗಳ ಹೆಸರು, ಇನ್ನೊಂದರಲ್ಲಿ ಆ ನೆಲದಲ್ಲಿ ದುಡಿಯುವವರು ಹೇಳಿದ ಮಾತು. ಹಕ್ಕಿಯ ಹೆಸರನ್ನು ಮೊದಲು ಮನೆಯ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಲಿ. ಅನೇಕ ಹಕ್ಕಿಗಳ ಕನ್ನಡ ಹೆಸರುಗಳು ಪುಸ್ತಕ ಸೇರದೆ ಅವರ ಬಾಯಲ್ಲಿಯೇ ಉಳಿದಿವೆ. ಆ ಹೆಸರುಗಳೂ ಹೆಬ್ಬಕದಂತೆಯೇ ಕಡಿಮೆಯಾಗುತ್ತಿವೆ.

ಅರಣ್ಯ ಇಲಾಖೆಯವರು ಬುದ್ಧ ಪೂರ್ಣಿಮೆಯ ಗಣತಿಗೆ ಬಳಸುವ ನಮೂನೆಯನ್ನು ಕಾವಲುಗಾರರೊಬ್ಬರು ತೋರಿಸಿದರು. ಚಿಗರಿ, ತೋಳ, ನರಿ, ಮೊಲ, ನವಿಲು ಎಂದು ಸಾಲುಗಳಿದ್ದವು. ಮಾಳಢೋಕಕ್ಕೂ ಒಂದು ಸಾಲು ಇತ್ತು. ಎಷ್ಟೋ ಸಲ ಸೊನ್ನೆ ಬರೆದರೂ ಆ ಸಾಲನ್ನು ತೆಗೆದಿಲ್ಲವೇಕೆ ಎಂದು ಹುಡುಗನೊಬ್ಬ ಕೇಳಿದ. "ತೆಗೆದ ಮೇಲೆ ಬಂದರೆ ಎಲ್ಲಿ ಬರೆಯೋಣ?" ಎಂದರು ಅವರು.